ಹಿತ್ತಲ ಕೈತೋಟ: ಹನ್ನೆರಡು ತಿಂಗಳ ಬೆಳೆ, ಹನ್ನೆರಡು ತಿಂಗಳ ಕೈಕೆಲಸ

ಹೊಲದಲ್ಲಿ ಟೊಮೆಟೊ ಬೆಳೆದು ಲಾರಿಗೆ ತುಂಬಿಸುವ ರೈತನ ಮನೆಯಲ್ಲಿ ಸಂತೆಯ ದಿನ ಮತ್ತು ಮರುದಿನ ಮಾತ್ರ ಕಾಯಿಪಲ್ಲೆ ಕಾಣುತ್ತದೆ. ಉಳಿದ ದಿನಗಳಲ್ಲಿ ಮುದ್ದೆಗೆ ಹುರುಳಿ ಸಾರು, ಅದೂ ಇಲ್ಲದಿದ್ದರೆ ಬರೀ ಉಪ್ಪುಖಾರ. ಅದೇ ಮನೆಯ ಹಿಂದೆ ಎರಡು ಮೂರು ಗುಂಟೆ ಹಿತ್ತಲು ಪಾಳು ಬಿದ್ದಿರುತ್ತದೆ. ಬಚ್ಚಲ ನೀರು ಗುಂಡಿಯಲ್ಲಿ ನಿಂತು ಸೊಳ್ಳೆ ಹುಟ್ಟಿಸುತ್ತದೆ. ತಿಪ್ಪೆಯ ಸಾರ ಬಿಸಿಲಿಗೆ ಒಣಗಿ ಹೋಗುತ್ತದೆ. ದಕ್ಷಿಣ ಮೈದಾನ ಸೀಮೆಯ ತುಮಕೂರು, ಮಂಡ್ಯ, ಕೋಲಾರ, ಮೈಸೂರು ಜಿಲ್ಲೆಗಳ ಅನೇಕ ಹಳ್ಳಿಗಳಲ್ಲಿ ಇದು ಸಾಮಾನ್ಯ ನೋಟ.

ಇದು ಕೇವಲ ರುಚಿಯ ಮಾತಲ್ಲ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಇದಕ್ಕೆ ಕಾರಣಗಳು ಹಲವಾರು. ಆದರೆ ಸೊಪ್ಪು, ತರಕಾರಿ, ಹಣ್ಣು ಊಟದಲ್ಲಿ ಸಾಲದೆ ಹೋಗುವುದು ಅವುಗಳಲ್ಲಿ ಒಂದು. ಈ ಕೊರತೆಯನ್ನು ತಕ್ಕಮಟ್ಟಿಗೆ ಹಿತ್ತಲಿನಲ್ಲಿಯೇ ನೀಗಿಸಬಹುದು.

ಕೈತೋಟ ಮಾಡಿದವರು ಅರ್ಧಕ್ಕೆ ಬಿಡುವುದಕ್ಕೆ ಮುಖ್ಯ ಕಾರಣ ಒಂದೇ. ಮುಂಗಾರಿನಲ್ಲಿ ಎಲ್ಲವನ್ನೂ ಒಟ್ಟಿಗೆ ಹಾಕುತ್ತಾರೆ. ಎರಡು ತಿಂಗಳು ತಿನ್ನಲಾರದಷ್ಟು ಬರುತ್ತದೆ, ಆಮೇಲೆ ಏನೂ ಇರುವುದಿಲ್ಲ. ಬೇಸಿಗೆಯಲ್ಲಿ ಗಿಡ ಒಣಗಿದ ಮೇಲೆ ಉತ್ಸಾಹವೂ ಒಣಗುತ್ತದೆ. ನಮ್ಮ ಹಿರಿಯರು ಈ ತೊಡಕನ್ನು ಎರಡು ಕಡೆಯಿಂದ ಬಿಡಿಸಿದ್ದರು. ಕಾಲಕ್ಕೆ ತಕ್ಕಂತೆ ಬಿತ್ತುತ್ತಿದ್ದರು. ಹೆಚ್ಚಾದದ್ದನ್ನು ಒಣಗಿಸಿ, ಉಪ್ಪಿನಲ್ಲಿ ಹಾಕಿ, ಹಗ್ಗ, ಬುರುಡೆ, ಎಲೆಗಳನ್ನಾಗಿ ಮಾಡಿ ಇಡುತ್ತಿದ್ದರು. ಬೆಳೆಯುವ ಕೆಲಸ, ಕೂಡಿಡುವ ಕೆಲಸ ಎರಡೂ ಸೇರಿದರೆ ಮಾತ್ರ ಕೈತೋಟ ವರ್ಷಪೂರ್ತಿ ನಿಲ್ಲುತ್ತದೆ. ಈ ಲೇಖನದಲ್ಲಿ ಎರಡನ್ನೂ ಜೊತೆಯಲ್ಲಿಯೇ ವಿವರಿಸಲಾಗಿದೆ.

ಎಷ್ಟು ಬೇಕು? ಎಷ್ಟು ಜಾಗ ಸಾಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಂತೆ ವಯಸ್ಕರೊಬ್ಬರಿಗೆ ದಿನಕ್ಕೆ ಸೊಪ್ಪೂ ಸೇರಿದಂತೆ ಸುಮಾರು 400 ಗ್ರಾಂ ತರಕಾರಿ ಬೇಕು. ಐದು ಮಂದಿಯ ಮನೆಗೆ ದಿನಕ್ಕೆ 2 ಕಿಲೋ, ವರ್ಷಕ್ಕೆ 730 ಕಿಲೋ ಎಂದಾಯಿತು. ಚಿಕ್ಕ ಮಕ್ಕಳಿದ್ದರೆ ಸ್ವಲ್ಪ ಕಡಿಮೆ.

ಎರಡು ಗುಂಟೆ ಎಂದರೆ ಸುಮಾರು 200 ಚದರ ಮೀಟರ್. ಇದರಲ್ಲಿ 5 ಮೀಟರ್ ಉದ್ದ, 3 ಮೀಟರ್ ಅಗಲದ ಎಂಟು ಮಡಿಗಳನ್ನು ಮಾಡಿದರೆ 120 ಚದರ ಮೀಟರ್ ಬೇಸಾಯಕ್ಕೆ ಸಿಗುತ್ತದೆ. ಉಳಿದ 80 ಚದರ ಮೀಟರಿನಲ್ಲಿ ಬಹುವಾರ್ಷಿಕ ಗಿಡಗಳು, ಸಸಿ ಮಡಿ, ಗೊಬ್ಬರದ ಗುಂಡಿ ಮತ್ತು ಓಡಾಡುವ ದಾರಿ. ಮುಂಗಾರು ಮತ್ತು ಹಿಂಗಾರಿನಲ್ಲಿ ಎಂಟೂ ಮಡಿ, ಬೇಸಿಗೆಯಲ್ಲಿ ಮೂರೇ ಮಡಿ ಬೆಳೆದರೂ ವರ್ಷಕ್ಕೆ 285 ಚದರ ಮೀಟರ್ ಬೆಳೆ ತೆಗೆದಂತಾಯಿತು. ಚದರ ಮೀಟರಿಗೆ ಒಂದೂವರೆ ಕಿಲೋ ಎಂದು ಕೈ ಬಿಗಿಹಿಡಿದು ಲೆಕ್ಕ ಹಾಕಿದರೂ 425 ಕಿಲೋ ಆಗುತ್ತದೆ. ಉಳಿದ ಸುಮಾರು 300 ಕಿಲೋವನ್ನು ಬೇಲಿಯ ಬಳ್ಳಿಗಳು, ನುಗ್ಗೆ, ಬಾಳೆಕಾಯಿ, ಪರಂಗಿಕಾಯಿಗಳಿಂದ ಬಹುಪಾಲು ತುಂಬಿಕೊಳ್ಳಬಹುದು.

ಜಾಗದ ಹಂಚಿಕೆ

ಮನೆಗೂ ಬಚ್ಚಲಿಗೂ ಹತ್ತಿರವಿರುವ, ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗವನ್ನು ಆರಿಸಿಕೊಳ್ಳಬೇಕು. ನುಗ್ಗೆ, ಪರಂಗಿ, ಕರಿಬೇವು, ನಿಂಬೆ, ಬಾಳೆ ಇವುಗಳನ್ನು ತೋಟದ ಉತ್ತರ ಅಂಚಿನಲ್ಲಿ ನೆಡತಕ್ಕದ್ದು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ ನೆರಳು ಉತ್ತರಕ್ಕೆ ಬೀಳುತ್ತದೆ. ಮರಗಳನ್ನು ದಕ್ಷಿಣದಲ್ಲಿಟ್ಟರೆ ಹಿಂಗಾರಿನ ಮಡಿಗಳೆಲ್ಲ ನೆರಳಿನ ಪಾಲಾಗುತ್ತವೆ.

ಪ್ರತಿ ಮಡಿಯ ಮಣ್ಣನ್ನು ಒಂದಡಿ ಆಳಕ್ಕೆ ಅಗೆದು, 30ರಿಂದ 40 ಕಿಲೋ, ಎಂದರೆ ಎರಡು ಮೂರು ಮಂಕರಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಬೇಕು. ಕಳಿಯದ ಗೊಬ್ಬರದಿಂದ ಗೊಣ್ಣೆಹುಳು, ಗೆದ್ದಲು, ಕಳೆಬೀಜ ತೋಟಕ್ಕೆ ಬರುತ್ತವೆ. ಗೊಬ್ಬರದ ಗುಂಡಿಗಳು ಎರಡು ಇರಲಿ. ಒಂದು ತುಂಬುತ್ತಿರುವಾಗ ಇನ್ನೊಂದು ಕಳಿಯುತ್ತಿರಬೇಕು. ಗುಂಡಿಯ ಮೇಲೆ ತೆಂಗಿನ ಸೋಗೆ ಹೊದಿಸಿ ತೇವ ಕಾಪಾಡಿದರೆ ಸಾರ ಹಾರಿಹೋಗುವುದಿಲ್ಲ.

ನೀರಿನ ಲೆಕ್ಕ

ಬೇಸಿಗೆಯಲ್ಲಿ ಒಂದು ಚದರ ಮೀಟರ್ ತರಕಾರಿ ಬೆಳೆಗೆ ದಿನಕ್ಕೆ ಸುಮಾರು 5 ಲೀಟರ್ ನೀರು ಬೇಕು. ಐದು ಮಂದಿಯ ಮನೆಯಿಂದ ತಲೆಗೆ 40 ಲೀಟರಿನಂತೆ ದಿನಕ್ಕೆ 200 ಲೀಟರ್ ಬಚ್ಚಲು ಮತ್ತು ಅಡಿಗೆಮನೆಯ ನೀರು ಹೊರಬರುತ್ತದೆ ಎಂದಿಟ್ಟುಕೊಳ್ಳಿ. ಅದು 40 ಚದರ ಮೀಟರಿಗೆ ಸಾಕು, ಎಂದರೆ ಮೂರು ಮಡಿಗೆ ಚೂರು ಕಡಿಮೆ. ಮಡಿಗಳಿಗೆ ಒಣ ಎಲೆ, ರಾಗಿ ಹುಲ್ಲಿನ ಮುಚ್ಚಿಗೆ ಹಾಕಿದರೆ ಆ ಕೊರತೆ ಸರಿಹೋಗುತ್ತದೆ. ಬೇಸಿಗೆಯಲ್ಲಿ ಮೂರೇ ಮಡಿ ಎಂದು ಮೇಲೆ ಹೇಳಿದ್ದು ಈ ಲೆಕ್ಕದಿಂದಲೇ. ಕೊಳವೆಬಾವಿಯ ನೀರು ಧಾರಾಳವಾಗಿರುವವರು ಹೆಚ್ಚು ಮಡಿ ಬೆಳೆಯಬಹುದು. ಆದರೆ ನೀರಿಲ್ಲದವರು ಎಂಟು ಮಡಿ ಬಿತ್ತಿ ಎಂಟನ್ನೂ ಒಣಗಿಸುವುದಕ್ಕಿಂತ ಮೂರನ್ನು ಉಳಿಸಿಕೊಳ್ಳುವುದು ಲೇಸು.

ಬಚ್ಚಲ ನೀರನ್ನು ನೇರವಾಗಿ ಮಡಿಗೆ ಬಿಡಬಾರದು. ಜಲ್ಲಿ, ಮರಳು ತುಂಬಿದ ಸಣ್ಣ ಗುಂಡಿಯಲ್ಲಿ ಇಳಿಸಿ ಆಮೇಲೆ ಹಾಯಿಸಬೇಕು. ಬಟ್ಟೆ ಒಗೆದ ಸೋಪುಪುಡಿಯ ನೀರಿನಲ್ಲಿ ಸೋಡಿಯಂ ಲವಣ ಹೆಚ್ಚಿದ್ದು, ಅದನ್ನೇ ಹಾಕುತ್ತಾ ಹೋದರೆ ಮಣ್ಣು ಗಟ್ಟಿಯಾಗುತ್ತದೆ. ಆ ನೀರು ಬಾಳೆ, ತೆಂಗಿಗೆ ಹೋಗಲಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಕ್ಯಾರೆಟ್‌ಗಳಿಗೆ ಬಚ್ಚಲ ನೀರು ಬೇಡವೇ ಬೇಡ.

ಮುಂಗಾರು: ಜೂನ್‌ನಿಂದ ಸೆಪ್ಟೆಂಬರ್

ಕೃತ್ತಿಕಾ, ರೋಹಿಣಿ ಮಳೆಗಳಿಗೆ ಸಸಿ ಮಡಿ ಸಿದ್ಧವಾಗಿರಬೇಕು. ನೆಲಮಟ್ಟದಿಂದ ಅರ್ಧ ಅಡಿ ಎತ್ತರದ ಒಟ್ಲುಪಾತಿಯಲ್ಲಿ ಬದನೆ, ಟೊಮೆಟೊ, ಮೆಣಸಿನಕಾಯಿ ಬೀಜಗಳನ್ನು ಸಾಲಾಗಿ, ತೆಳುವಾಗಿ ಬಿತ್ತಬೇಕು. ದಟ್ಟವಾಗಿ ಎರಚಿದರೆ ಬುಡ ಕೊಳೆತು ಸಸಿಗಳು ಗುಂಪುಗುಂಪಾಗಿ ಸಾಯುತ್ತವೆ. ಗೊಬ್ಬರದೊಡನೆ ಟ್ರೈಕೋಡರ್ಮ ಬೆರೆಸುವುದು ಇದಕ್ಕೆ ಒಳ್ಳೆಯ ತಡೆ. ಬದನೆ, ಟೊಮೆಟೊ ಸಸಿಗಳನ್ನು 25-30 ದಿನಕ್ಕೆ, ಮೆಣಸಿನಕಾಯಿಯನ್ನು 35-40 ದಿನಕ್ಕೆ ಕಿತ್ತು ನಾಟಿ ಮಾಡಬಹುದು.

ಎಂಟು ಮಡಿಗಳ ಹಂಚಿಕೆ ಹೀಗಿರಲಿ: ಒಂದನೆಯದರಲ್ಲಿ ಬದನೆ (60×60 ಸೆಂ.ಮೀ.), ಎರಡನೆಯದರಲ್ಲಿ ಮೆಣಸಿನಕಾಯಿ (60×45), ಮೂರರಲ್ಲಿ ಬೆಂಡೆ (60×30), ನಾಲ್ಕರಲ್ಲಿ ಗೋರಿಕಾಯಿ (45×15), ಐದರಲ್ಲಿ ಅಲಸಂದೆ, ಆರರಲ್ಲಿ ದಂಟು ಮತ್ತು ಹರಿವೆ, ಏಳರಲ್ಲಿ ಟೊಮೆಟೊ, ಎಂಟರಲ್ಲಿ ಹುರುಳಿಕಾಯಿ. ಸೊಪ್ಪಿನ ಮಡಿಯನ್ನು ಒಂದೇ ದಿನ ಬಿತ್ತಕೂಡದು. ಮಡಿಯನ್ನು ನಾಲ್ಕು ಭಾಗ ಮಾಡಿ ವಾರಕ್ಕೊಂದು ಭಾಗ ಬಿತ್ತಿದರೆ ದಂಟು 25-30 ದಿನಕ್ಕೆ ಕೈಗೆ ಬರುವುದರಿಂದ ಎಲ್ಲ ವಾರವೂ ಎಳೆಯ ಸೊಪ್ಪು ಸಿಗುತ್ತದೆ.

ಬೆಂಡೆಯಲ್ಲಿ ಹಳದಿ ನಂಜುರೋಗವನ್ನು ತಡೆಯುವ ಗುಣಕ್ಕಾಗಿ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹೊರತಂದ ಅರ್ಕಾ ಅನಾಮಿಕಾ, ಹಲವು ಬಾರಿ ಕೊಯ್ಯಬಹುದಾದ ದಂಟು ಅರ್ಕಾ ಸುಗುಣ ಕೈತೋಟಕ್ಕೆ ಹೊಂದುವ ತಳಿಗಳು. ಬೆಂಡೆಯನ್ನು ದಿನ ಬಿಟ್ಟು ದಿನ ಕೊಯ್ಯಬೇಕು. ಬಲಿತ ಕಾಯಿ ಗಿಡದಲ್ಲಿದ್ದರೆ ಹೊಸ ಹೂವು ಕಡಿಮೆಯಾಗುತ್ತದೆ.

ಬೇಲಿಗೆ ಹೀರೆ, ಹಾಗಲ, ಸೋರೆ, ಬೂದುಗುಂಬಳ, ತುಪ್ಪದ ಹೀರೆ ಬಳ್ಳಿಗಳನ್ನು ಹಬ್ಬಿಸಬೇಕು. ತೋಟದ ಪಡುವಣ ಅಂಚಿನಲ್ಲಿ ಮೃಗಶಿರಾ ಮಳೆಗೆ ಎರಡು ಸಾಲು ಪುಂಡಿ ಬಿತ್ತಿರಿ. ಇದರ ಎಳೆಯ ಸೊಪ್ಪು ಆಷಾಢ, ಶ್ರಾವಣದಲ್ಲಿ ಹುಳಿಗೆ ಬರುತ್ತದೆ, ಗಿಡ ಬೆಳೆದಂತೆ ಗಾಳಿಗೆ ತಡೆಯಾಗುತ್ತದೆ, ಕೊನೆಗೆ ಹಗ್ಗಕ್ಕೆ ನಾರು ಕೊಡುತ್ತದೆ.

ಅವರೆಯನ್ನು ಮರೆಯುವಂತಿಲ್ಲ. ನಮ್ಮ ಸೀಮೆಯ ನಾಡತಳಿ ಅವರೆ ಹಗಲು ಕಿರಿದಾದ ಮೇಲೆಯೇ ಹೂ ಬಿಡುವ ಜಾತಿ. ಜೂನ್‌ನಲ್ಲಿ ಬಿತ್ತಿದರೂ ಆಗಸ್ಟ್‌ನಲ್ಲಿ ಬಿತ್ತಿದರೂ ಕಾಯಿ ಬರುವುದು ಚಳಿಗಾಲಕ್ಕೇ. ಬೇಸಿಗೆಯಲ್ಲಿ ಬಿತ್ತಿದರೆ ಬರೀ ಬಳ್ಳಿ ಬೆಳೆಯುತ್ತದೆ. ಸೊಗಡಿನ ಕಾಯಿ ಬೇಕೆನ್ನುವವರು ನಾಡತಳಿಯನ್ನು ಪುಷ್ಯ ಮಳೆಯ ಹೊತ್ತಿಗೆ ಬೇಲಿಯ ಒಳಬದಿಗೆ ಹಾಕಿಕೊಳ್ಳಬೇಕು. ಬೇರೆ ಕಾಲದಲ್ಲೂ ಕಾಯಿ ಬೇಕೆಂದರೆ ಹಗಲಿನ ಉದ್ದಕ್ಕೆ ಕಟ್ಟುಬೀಳದೆ ಹೂ ಬಿಡುವ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಒದಗಿಸಿದೆ.

ಮಳೆಗಾಲದ ಕೈಕೆಲಸ: ಜಡಿಮಳೆ ಹಿಡಿದು ಹೊಲಕ್ಕೆ ಹೋಗಲಾರದ ದಿನಗಳಲ್ಲಿ ಬೇಸಿಗೆಯಲ್ಲಿ ಕೂಡಿಟ್ಟ ಮುತ್ತುಗದ ಎಲೆಗಳನ್ನು ಹದವಾಗಿ ತೇವ ಮಾಡಿ ಊಟದ ಎಲೆ ಹಚ್ಚಬಹುದು. ಒಣಗಿದ ಎಲೆ ಮುರಿಯುತ್ತದೆ, ಬಹಳ ನೆನೆದರೆ ಬೂಸ್ಟು ಹಿಡಿಯುತ್ತದೆ. ತೇವದ ಗೋಣಿಯಲ್ಲಿ ರಾತ್ರಿ ಸುತ್ತಿಟ್ಟು ಬೆಳಿಗ್ಗೆ ಹಚ್ಚುವುದು ಸರಿಯಾದ ಹದ. ಹಚ್ಚಿದ ಎಲೆಗಳ ಮೇಲೆ ಕಲ್ಲು ಹೇರಿ ಚಪ್ಪಟೆ ಮಾಡಿ, ಗಾಳಿಗೆ ಆರಿಸಿ ಕಟ್ಟಿಡಬೇಕು. ಬೇವಿನ ಹಣ್ಣು ಉದುರುವುದೂ ಇದೇ ಕಾಲದ ಆರಂಭದಲ್ಲಿ. ಮಕ್ಕಳಿಂದ ಆರಿಸಿ, ತಿರುಳು ತೊಳೆದು, ನೆರಳಿನಲ್ಲಿ ಒಣಗಿಸಿಟ್ಟ ಐದು ಕಿಲೋ ಬೇವಿನ ಬೀಜ ಕೈತೋಟದ ಇಡೀ ವರ್ಷದ ಔಷಧಿಗೆ ಸಾಕು.

ಹಿಂಗಾರು ಮತ್ತು ಚಳಿಗಾಲ: ಅಕ್ಟೋಬರ್‌ನಿಂದ ಜನವರಿ

ನಮ್ಮ ದಕ್ಷಿಣ ಒಳನಾಡಿನಲ್ಲಿ ಮಳೆ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಹೆಚ್ಚು. ಉತ್ತರಾ, ಹಸ್ತಾ ಮಳೆಗಳ ತೇವವನ್ನು ಹಿಡಿದುಕೊಂಡು ಬಿತ್ತಿದ ಕೈತೋಟಕ್ಕೆ ಡಿಸೆಂಬರ್‌ವರೆಗೆ ನೀರಿನ ಖರ್ಚು ಕಡಿಮೆ. ಇದೇ ವರ್ಷದ ಅತ್ಯುತ್ತಮ ತರಕಾರಿ ಕಾಲ.

ಬದನೆ ಮತ್ತು ಮೆಣಸಿನಕಾಯಿ ಮಡಿಗಳು ಹಾಗೆಯೇ ಮುಂದುವರಿಯುತ್ತವೆ. ಬೆಂಡೆ ತೆಗೆದ ಮೂರನೆಯ ಮಡಿಗೆ ಕ್ಯಾರೆಟ್ ಮತ್ತು ಬೀಟ್‌ರೂಟ್, ಗೋರಿಕಾಯಿ ತೆಗೆದ ನಾಲ್ಕನೆಯದಕ್ಕೆ ಎಲೆಕೋಸು, ನವಿಲುಕೋಸು, ಅಲಸಂದೆ ತೆಗೆದ ಐದನೆಯದಕ್ಕೆ ಟೊಮೆಟೊ, ಸೊಪ್ಪು ತೆಗೆದ ಆರನೆಯದಕ್ಕೆ ಹುರುಳಿಕಾಯಿ ಮತ್ತು ಬಟಾಣಿ, ಟೊಮೆಟೊ ತೆಗೆದ ಏಳನೆಯದಕ್ಕೆ ಮೆಂತ್ಯ, ಕೊತ್ತಂಬರಿ, ಪಾಲಕ್, ಹುರುಳಿಕಾಯಿ ತೆಗೆದ ಎಂಟನೆಯದಕ್ಕೆ ಮೂಲಂಗಿ, ಈರುಳ್ಳಿ ಹಾಕಬೇಕು.

ಈ ಅದಲುಬದಲಿಗೆ ಕಾರಣವಿದೆ. ಬದನೆ, ಟೊಮೆಟೊ, ಮೆಣಸಿನಕಾಯಿ ಒಂದೇ ಕುಟುಂಬದ ಗಿಡಗಳು. ಒಂದರ ಸೊರಗು ರೋಗ, ಬೇರುಗಂಟು ಜಂತು ಇನ್ನೊಂದಕ್ಕೂ ತಗಲುತ್ತದೆ. ದ್ವಿದಳ ಜಾತಿಗಳಾದ ಗೋರಿ, ಅಲಸಂದೆ, ಹುರುಳಿಕಾಯಿ ತಮ್ಮ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿಯುತ್ತವೆ. ಅವುಗಳ ಬೇರನ್ನು ಕೀಳದೆ ಗಿಡವನ್ನು ನೆಲಮಟ್ಟಕ್ಕೆ ಕೊಯ್ದರೆ ಮುಂದಿನ ಬೆಳೆಗೆ ಅನುಕೂಲ. ಕ್ಯಾರೆಟ್‌ನಂತಹ ಗೆಡ್ಡೆ ಬೆಳೆಗಳಿಗೆ ಹಸಿ ಗೊಬ್ಬರ ಹಾಕಕೂಡದು, ಗೆಡ್ಡೆ ಕವಲೊಡೆಯುತ್ತದೆ. ಹಿಂದಿನ ಬೆಳೆಗೆ ಹಾಕಿದ ಗೊಬ್ಬರದ ಉಳಿಕೆಯೇ ಅವುಗಳಿಗೆ ಹಿತ.

ಚಳಿಗಾಲದ ಕೈಕೆಲಸ: ಪುಂಡಿ ಹೂ ಬಿಡಲು ಆರಂಭಿಸಿದಾಗ ಕೊಯ್ದು, ಎಲೆ ಉದುರುವವರೆಗೆ ಒಂದೆರಡು ದಿನ ಹೊಲದಲ್ಲೇ ಬಿಟ್ಟು, ಕಟ್ಟುಗಳನ್ನು ನೀರಿನಲ್ಲಿ ಮುಳುಗಿಸಿ ಮೇಲೆ ಕಲ್ಲು ಹೇರಬೇಕು. ಹತ್ತರಿಂದ ಹದಿನೈದು ದಿನದಲ್ಲಿ ತೊಗಟೆ ಕೊಳೆತು ನಾರು ಸಲೀಸಾಗಿ ಬಿಡುತ್ತದೆ. ಎಂಟನೇ ದಿನದಿಂದಲೇ ಒಂದು ಕಡ್ಡಿ ಎಳೆದು ನೋಡುತ್ತಿರಬೇಕು. ಹೆಚ್ಚು ಕೊಳೆತರೆ ನಾರಿನ ಬಲವೂ ಹೋಗುತ್ತದೆ. ದನ ಕುಡಿಯುವ ಕಟ್ಟೆಯಲ್ಲಿ ನಾರು ಕೊಳೆಸಬಾರದು, ನೀರು ಕೆಡುತ್ತದೆ. ತೊಳೆದು ಒಣಗಿಸಿದ ನಾರಿನಿಂದ ಸಂಜೆ ಹೊತ್ತು ದನ ಕಟ್ಟುವ ಹಗ್ಗ, ಕಣ್ಣಿ, ನೆಲುವು ಹೊಸೆಯಬಹುದು.

ತುಪ್ಪದ ಹೀರೆಯಲ್ಲಿ ನಾಲ್ಕೈದು ಕಾಯಿಗಳನ್ನು ಕೊಯ್ಯದೆ ಬಳ್ಳಿಯಲ್ಲೇ ಒಣಗಲು ಬಿಡಿ. ಒಳಗೆ ಬೀಜ ಗಲಗಲ ಎಂದಾಗ ತಂದು ನೀರಿನಲ್ಲಿ ನೆನೆಸಿ ಸಿಪ್ಪೆ ಸುಲಿದರೆ ಮೈ ಉಜ್ಜಲು, ಪಾತ್ರೆ ತಿಕ್ಕಲು ಒಳ್ಳೆಯ ನಾರು ದೊರೆಯುತ್ತದೆ, ಮುಂದಿನ ವರ್ಷದ ಬೀಜವೂ ಸಿಗುತ್ತದೆ. ಸೋರೆಯ ಬುರುಡೆಯನ್ನೂ ಹೀಗೆಯೇ ಮಾಡಬೇಕು. ತೊಟ್ಟು ಪೂರ್ತಿ ಒಣಗಿದ ಮೇಲೆ ಕೊಯ್ದು, ಕತ್ತಿನ ಬಳಿ ತೂತು ಕೊರೆದು, ನೀರು ತುಂಬಿ ಒಳತಿರುಳನ್ನು ಕೊಳೆಸಿ, ಸಣ್ಣ ಕಲ್ಲುಹರಳು ಹಾಕಿ ಕುಲುಕಿ ತೊಳೆಯಬೇಕು. ನೆರಳಿನಲ್ಲಿ ಚೆನ್ನಾಗಿ ಒಣಗಿದ ಬುರುಡೆ ಬೀಜ ಇಡುವುದಕ್ಕೆ ಹೇಳಿ ಮಾಡಿಸಿದ ಪಾತ್ರೆ. ಇಲ್ಲೊಂದು ಎಚ್ಚರಿಕೆ: ಅಡಿಗೆಗೆ ಹೆಚ್ಚುವ ಮುನ್ನ ಸೋರೆಯ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಕಂಡರೆ ಬಿಸಾಡಬೇಕು. ಕಹಿ ಸೋರೆ ವಿಷಕಾರಿ, ಬೇಯಿಸಿದರೂ ಆ ವಿಷ ಹೋಗುವುದಿಲ್ಲ.

ಬೂದುಗುಂಬಳದ ಮೈಮೇಲಿನ ಬೂದಿಯನ್ನು ಒರೆಸಬಾರದು. ಆ ಮೇಣದ ಹೊದಿಕೆಯಿಂದಲೇ ಅದು ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಹೊಸ ಹಗ್ಗದ ನೆಲುವಿನಲ್ಲಿ ತೂಗುಹಾಕಿ ಬೇಸಿಗೆಯ ಸಂಡಿಗೆಗೆ ಕಾದಿಡಿ.

ಚಪ್ಪರಕ್ಕೆ ಬಿದಿರು ಬೇಕಾದರೆ ಬಲಿತದ್ದನ್ನು ಈ ಕಾಲದಲ್ಲಿ ಕಡಿಯಿರಿ. ಬಿದಿರಿನಲ್ಲಿರುವ ಪಿಷ್ಟಕ್ಕಾಗಿ ಕೊರೆಯುವ ಹುಳು ಬರುತ್ತದೆ. ಮೂರು ನಾಲ್ಕು ವಾರ ನೀರಿನಲ್ಲಿ ಮುಳುಗಿಸಿಟ್ಟರೆ ಪಿಷ್ಟ ಕರಗಿ ಬಿದಿರಿನ ಬಾಳಿಕೆ ಹೆಚ್ಚುತ್ತದೆ.

ಬೇಸಿಗೆ: ಫೆಬ್ರವರಿಯಿಂದ ಮೇ

ಬಚ್ಚಲಿಗೆ ಹತ್ತಿರದ ಮೂರು ಮಡಿಗಳಲ್ಲಿ ಬೆಂಡೆ, ದಂಟು, ಅಲಸಂದೆ ಇರಲಿ. ಇವು ಮೂರೂ ಬಿಸಿಲು ತಡೆಯುವ ಬೆಳೆಗಳು. ಬಸಳೆ ಬಳ್ಳಿಯೊಂದು ಬಚ್ಚಲ ಕಾಲುವೆಯ ಬಳಿ ಇದ್ದರೆ ಬೇಸಿಗೆಯ ಸೊಪ್ಪಿಗೆ ಚಿಂತೆ ಇಲ್ಲ. ನುಗ್ಗೆಯಂತೂ ಬೇಸಿಗೆಯ ಆಪದ್ಬಂಧು. ಕಾಯಿ ಮುಗಿದ ಮೇಲೆ ಕೊಂಬೆಗಳನ್ನು ಎದೆಮಟ್ಟಕ್ಕೆ ಸವರಿದರೆ ಕೈಗೆಟುಕುವಂತೆ ಹೊಸ ಚಿಗುರು ಬರುತ್ತದೆ. ನುಗ್ಗೆಸೊಪ್ಪಿನ ಊಟದ ಜೊತೆಗೆ ನಿಂಬೆರಸವೋ ನೆಲ್ಲಿಕಾಯಿಯೋ ಇದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಹೆಚ್ಚು ಹತ್ತುತ್ತದೆ. ಊಟವಾದ ಕೂಡಲೆ ಕಾಫಿ, ಟೀ ಕುಡಿದರೆ ಕಡಿಮೆ ಹತ್ತುತ್ತದೆ. ರಕ್ತಹೀನತೆ ಇರುವವರು ಸೊಪ್ಪನ್ನೇ ನಂಬಿ ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಬಿಡಬಾರದು. ಎರಡೂ ಬೇಕು.

ಉಳಿದ ಐದು ಮಡಿಗಳನ್ನು ಅಗೆದು ಬಿಸಿಲಿಗೆ ಬಿಡಿ. ಹುಳುಗಳ ಕೋಶ, ಕಳೆಯ ಬೇರು ಸಾಯುತ್ತವೆ.

ಬೇಸಿಗೆಯ ಕೈಕೆಲಸ: ಒಣಗಿಸುವ ಕಾಲ ಇದೇ. ಗೋರಿಕಾಯಿ, ಹಾಗಲಕಾಯಿ ಹೋಳು, ಬದನೆ ಹೋಳುಗಳನ್ನು ಕುದಿಯುವ ಉಪ್ಪುನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ತೆಗೆದು ಒಣಗಿಸಿದರೆ ಬಣ್ಣ, ರುಚಿ ಉಳಿಯುತ್ತದೆ. ಸೊಪ್ಪುಗಳನ್ನು ಮಾತ್ರ ಉರಿಬಿಸಿಲಿನಲ್ಲಿ ಒಣಗಿಸಬಾರದು. ಕಣ್ಣಿಗೆ ಬೇಕಾದ 'ಎ' ಅನ್ನಾಂಗ ಬಿಸಿಲಿಗೆ ನಾಶವಾಗುತ್ತದೆ. ನುಗ್ಗೆ, ಮೆಂತ್ಯ, ಕರಿಬೇವಿನ ಸೊಪ್ಪುಗಳನ್ನು ತೊಳೆದು, ಗಾಳಿಯಾಡುವ ನೆರಳಿನಲ್ಲಿ ತೆಳುಬಟ್ಟೆ ಹೊದಿಸಿ, ಹಿಡಿದರೆ ಪುಡಿಯಾಗುವಷ್ಟು ಒಣಗಿಸಿ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಬೇಕು. ಮಳೆಗಾಲದಲ್ಲಿ ಒಂದು ಚಮಚ ನುಗ್ಗೆಸೊಪ್ಪಿನ ಪುಡಿಯನ್ನು ಸಾರಿಗೋ, ರೊಟ್ಟಿಯ ಹಿಟ್ಟಿಗೋ ಸೇರಿಸಬಹುದು.

ಮೆಣಸಿನಕಾಯಿ ಮಡಿಯ ಕೊನೆಯ ಕೊಯ್ಲಿನ ದಪ್ಪ ಕಾಯಿಗಳನ್ನು ಸೀಳಿ ಉಪ್ಪು ಬೆರೆಸಿದ ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಹಗಲು ಒಣಗಿಸಿ, ಮತ್ತೆ ಅದೇ ಮಜ್ಜಿಗೆಗೆ ಹಾಕುತ್ತಾ ಮಜ್ಜಿಗೆ ಹೀರುವವರೆಗೆ ಮಾಡಿದರೆ ಬಾಳಕ ಸಿದ್ಧ. ಬೂದುಗುಂಬಳದ ಸಂಡಿಗೆ, ಉದ್ದಿನ ಹಪ್ಪಳ, ಹುಣಸೆಹಣ್ಣು ಕುಟ್ಟಿ ಬೀಜ ತೆಗೆದು ಉಪ್ಪು ಬೆರೆಸಿ ಇಡುವುದು, ಸೀಗೆಕಾಯಿ ಒಣಗಿಸುವುದು ಇವೆಲ್ಲ ಈ ತಿಂಗಳುಗಳ ಕೆಲಸ. ಮಾವಿನಕಾಯಿ ಉಪ್ಪಿನಕಾಯಿಗೆ ಕಿಲೋ ಹೋಳಿಗೆ 150ರಿಂದ 200 ಗ್ರಾಂ ಉಪ್ಪು ಇರಲೇಬೇಕು. ಕಡಿಮೆ ಹಾಕಿದರೆ ಬೂಸ್ಟು ಬರುತ್ತದೆ. ಬೂಸ್ಟು ಹಿಡಿದದ್ದನ್ನು ಮೇಲುಮೇಲೆ ತೆಗೆದು ತಿನ್ನುವುದು ಸರಿಯಲ್ಲ. ಹಪ್ಪಳ, ಸಂಡಿಗೆಗಳನ್ನು ರಸ್ತೆಯ ಬದಿಯಲ್ಲಿ ಹರವಬಾರದು. ಚಾವಣಿಯ ಮೇಲೆ ಚಾಪೆ ಹಾಸಿ, ಬಿಳಿ ಬಟ್ಟೆ ಹೊದಿಸಿ ಒಣಗಿಸಿ.

ಮುತ್ತುಗದ ಹೊಸ ಎಲೆ ಬಲಿಯುವುದು ಈ ಕಾಲದಲ್ಲಿಯೇ. ಕಿತ್ತು, ಸರ ಪೋಣಿಸಿ, ನೆರಳಿನಲ್ಲಿ ಒಣಗಿಸಿಟ್ಟರೆ ಮಳೆಗಾಲದ ಕೆಲಸಕ್ಕೆ ಸಾಮಗ್ರಿ ಆಯಿತು. ಕೊಂಬೆ ಕಡಿಯದೆ ಎಲೆ ಮಾತ್ರ ಕೀಳಬೇಕು. ತೆಂಗಿನ ಗರಿಯ ಕಡ್ಡಿ ತೆಗೆದು ಪೊರಕೆ ಕಟ್ಟುವುದಕ್ಕೂ ಇದು ಬಿಡುವಿನ ಸಮಯ.

ಬೀಜ ಮನೆಯಲ್ಲೇ ಇರಲಿ

ಪ್ರತಿ ಸಲ ಅಂಗಡಿಯಿಂದ ಬೀಜ ತರಬೇಕಾದರೆ ಕೈತೋಟ ಬಹಳ ಕಾಲ ನಡೆಯದು. ಸಂಕರಣ ತಳಿಗಳ ಬೀಜ ಇಟ್ಟುಕೊಂಡರೆ ಮುಂದಿನ ಪೀಳಿಗೆ ಒಂದೇ ರೀತಿ ಬರುವುದಿಲ್ಲ. ಟೊಮೆಟೊದಲ್ಲಿ ಅರ್ಕಾ ರಕ್ಷಕ್ ರೋಗ ತಡೆಯುವ ಒಳ್ಳೆಯ ತಳಿಯೇ ಆದರೂ ಅದು ಸಂಕರಣ, ಅದರ ಬೀಜ ಹೊಸದಾಗಿಯೇ ತರಬೇಕು. ನಾಡತಳಿಗಳು ಮತ್ತು ಅರ್ಕಾ ಅನಾಮಿಕಾದಂತಹ ಸಾಧಾರಣ ತಳಿಗಳ ಬೀಜವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ಟೊಮೆಟೊ, ಹುರುಳಿಕಾಯಿ, ಅವರೆ, ಅಲಸಂದೆ ಬಹುಪಾಲು ತಮ್ಮಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ತಳಿ ಸುಲಭವಾಗಿ ಕೆಡುವುದಿಲ್ಲ. ಬೆಂಡೆ, ಬದನೆ, ಮೆಣಸಿನಕಾಯಿಗೆ ಜೇನುನೊಣ ಬೇರೆ ತಳಿಯ ಪರಾಗ ತರಬಹುದು. ನಾಳೆ ಅರಳುವ ಮೊಗ್ಗಿಗೆ ಹಿಂದಿನ ಸಂಜೆ ತೆಳುಬಟ್ಟೆಯ ಚೀಲ ಕಟ್ಟಿ, ಕಾಯಿ ಕಟ್ಟಿದ ಮೇಲೆ ಬಿಚ್ಚಿ ಗುರುತಿನ ದಾರ ಹಾಕಬೇಕು. ಬಳ್ಳಿ ತರಕಾರಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ. ಅರಳುವ ಮುನ್ನ ಎರಡನ್ನೂ ದಾರದಿಂದ ಕಟ್ಟಿ, ಅರಳುವ ಹೊತ್ತಿಗೆ ಗಂಡು ಹೂವನ್ನು ಹೆಣ್ಣು ಹೂವಿಗೆ ಸವರಿ ಮತ್ತೆ ಕಟ್ಟಬೇಕು. ಹೀರೆ, ಸೋರೆ ಸಂಜೆ ಅರಳುತ್ತವೆ. ಕುಂಬಳ, ಸೌತೆ, ಹಾಗಲ ಬೆಳಿಗ್ಗೆ.

ಬೀಜಕ್ಕೆ ಮೊದಲ ಕಾಯಿಯನ್ನೂ ಕೊನೆಯ ಕಾಯಿಯನ್ನೂ ಬಿಟ್ಟು, ರೋಗವಿಲ್ಲದ ಗಿಡದ ನಡುಕಾಲದ ಕಾಯಿ ಆರಿಸಿ. ಬದನೆ ಹಳದಿಯಾಗುವವರೆಗೆ ಗಿಡದಲ್ಲಿರಲಿ. ಟೊಮೆಟೊ ತಿರುಳನ್ನು ಒಂದೆರಡು ದಿನ ಹುಳಿಯಲು ಬಿಟ್ಟರೆ ಬೀಜದ ಲೋಳೆ ಬಿಡುತ್ತದೆ, ತೊಳೆದು ಒಣಗಿಸಿ. ಹಲ್ಲಿನಲ್ಲಿ ಕಚ್ಚಿದಾಗ ಮೆತ್ತಗಾಗದೆ ಟಕ್ಕೆಂದು ಮುರಿದರೆ ಕಾಳು ಒಣಗಿದೆ ಎಂದರ್ಥ. ಅವರೆ, ಅಲಸಂದೆ ಬೀಜಕ್ಕೆ ಕಿಲೋಗೆ 5 ಮಿಲಿ ಲೀಟರ್ ಹರಳೆಣ್ಣೆ ಸವರಿ, ಜರಡಿ ಹಿಡಿದ ಒಣ ಬೂದಿ ಬೆರೆಸಿಟ್ಟರೆ ಕಾಳು ಕೊರೆಯುವ ದುಂಬಿ ಹತ್ತುವುದಿಲ್ಲ. ಎಣ್ಣೆ ಮೊಟ್ಟೆಗಳ ಉಸಿರು ಕಟ್ಟುತ್ತದೆ, ಬೂದಿ ಹುಳುವಿನ ಮೈಮೇಣ ಉಜ್ಜಿ ಅದನ್ನು ಒಣಗಿಸುತ್ತದೆ. ಒಣಗಿದ ಸೋರೆ ಬುರುಡೆಯಲ್ಲಿ ತುಂಬಿ, ಬಾಯಿಗೆ ಬೆಣೆ ಹಾಕಿ, ಸಗಣಿಯಿಂದ ಮೆತ್ತಿ, ತಂಪಾದ ಒಣ ಜಾಗದಲ್ಲಿ ತೂಗುಹಾಕಿ. ಬುರುಡೆಯ ಮೇಲೆ ಬೀಜದ ಹೆಸರು, ವರ್ಷ ಬರೆಯುವುದನ್ನು ಮರೆಯಬೇಡಿ.

ಕೀಟಗಳ ಹತೋಟಿ

ಮಕ್ಕಳು ಕಿತ್ತು ಬಾಯಿಗಿಡುವ ತೋಟಕ್ಕೆ ಹೊಲದ ವಿಷ ತರಬಾರದು. ಬದನೆಯ ಕುಡಿ ಬಾಡಿದ ಕೂಡಲೆ ಒಳಗಿರುವ ಹುಳು ಸಮೇತ ಚಿವುಟಿ ಸುಡಬೇಕು. ಇದೊಂದನ್ನೇ ವಾರಕ್ಕೆರಡು ಬಾರಿ ತಪ್ಪದೆ ಮಾಡಿದರೆ ಕಾಯಿ ಕೊರಕ ಬಹಳ ಹತೋಟಿಗೆ ಬರುತ್ತದೆ. ಹಣ್ಣಿನ ನೊಣ ಕುಟ್ಟಿದ ಹೀರೆ, ಹಾಗಲಗಳನ್ನು ಮಡಿಯಲ್ಲಿ ಬಿಡದೆ ಆಳವಾಗಿ ಹೂಳಬೇಕು. ಅವರೆಯ ಸಸ್ಯಹೇನಿಗೆ ಬೆಳಗಿನ ಇಬ್ಬನಿಯಲ್ಲಿ ಬೂದಿ ಎರಚಬಹುದು. ಟೊಮೆಟೊ ಮಡಿಯ ಅಂಚಿಗೆ ಚೆಂಡುಹೂವು ಹಾಕಿದರೆ ಕಾಯಿ ಕೊರಕದ ಚಿಟ್ಟೆ ಅದರ ಮೇಲೆ ಮೊಟ್ಟೆ ಇಡಲು ಹೋಗುತ್ತದೆ.

ಇಷ್ಟಕ್ಕೂ ಜಗ್ಗದಿದ್ದರೆ ಬೇವಿನ ಬೀಜದ ಕಷಾಯ: ಲೀಟರ್ ನೀರಿಗೆ 50 ಗ್ರಾಂ ಬೇವಿನ ಬೀಜದ ತಿರುಳಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೆನೆಸಿ, ಹಿಂಡಿ, ಸೋಸಿ, ಚೂರು ಸಾಬೂನು ಕರಗಿಸಿ ಸಂಜೆ ಸಿಂಪಡಿಸಬೇಕು. ಬೆಳಿಗ್ಗೆ ಸಿಂಪಡಿಸಿದರೆ ಹೂವಿಗೆ ಬರುವ ಜೇನುನೊಣಗಳಿಗೆ ತೊಂದರೆ.

ವರ್ಷದ ಕೆಲಸಗಳ ಪಟ್ಟಿ

ಜನವರಿ: ಅವರೆ ಕೊಯ್ಲು, ಹಿತಕಿದ ಬೇಳೆ ಒಣಗಿಸುವುದು, ಬೀಜದ ಕಾಯಿಗಳ ಗುರುತು.
ಫೆಬ್ರವರಿ: ಬೇಸಿಗೆಯ ಮೂರು ಮಡಿಗಳ ಬಿತ್ತನೆ, ಹುಣಸೆ ಸಂಗ್ರಹ.
ಮಾರ್ಚ್: ಮುಚ್ಚಿಗೆ ಹಾಕುವುದು, ಸಂಡಿಗೆ, ಹಪ್ಪಳ, ಬಾಳಕ.
ಏಪ್ರಿಲ್: ಖಾಲಿ ಮಡಿಗಳ ಅಗೆತ, ನುಗ್ಗೆ ಸವರುವುದು, ಸೊಪ್ಪಿನ ಪುಡಿ, ಉಪ್ಪಿನಕಾಯಿ.
ಮೇ: ಗೊಬ್ಬರ ಹರಡುವುದು, ಸಸಿ ಮಡಿ, ಮುತ್ತುಗದ ಎಲೆ.
ಜೂನ್: ಮುಂಗಾರು ಬಿತ್ತನೆ, ನಾಟಿ, ಬೇಲಿಗೆ ಬಳ್ಳಿ, ಪುಂಡಿ, ಬೇವಿನ ಬೀಜ.
ಜುಲೈ: ಮೆಣಸಿನಕಾಯಿ ನಾಟಿ, ಕಳೆ, ಚಪ್ಪರ, ಪುಷ್ಯ ಮಳೆಗೆ ಅವರೆ, ಎಲೆ ಹಚ್ಚುವುದು.
ಆಗಸ್ಟ್: ಕೊಯ್ಲು, ಸೊಪ್ಪಿನ ಮರುಬಿತ್ತನೆ.
ಸೆಪ್ಟೆಂಬರ್: ಕೋಸು, ಟೊಮೆಟೊ ಒಟ್ಲು, ಪುಂಡಿ ಕೊಯ್ಲಿಗೆ ಸಿದ್ಧತೆ.
ಅಕ್ಟೋಬರ್: ಹಿಂಗಾರು ಬಿತ್ತನೆ, ಪುಂಡಿ ಕೊಳೆಸಿ ನಾರು ತೆಗೆಯುವುದು.
ನವೆಂಬರ್: ಬೇರು ತರಕಾರಿಗಳ ಸಸಿ ತೆಳುಗೊಳಿಸುವುದು, ಹಗ್ಗ ಹೊಸೆಯುವುದು.
ಡಿಸೆಂಬರ್: ಸೋರೆ ಬುರುಡೆ, ಹೀರೆ ನಾರು, ಬೂದುಗುಂಬಳ ತೂಗುಹಾಕುವುದು.

ಕೊನೆಯದಾಗಿ

ಕೈತೋಟವೆಂದರೆ ಹೆಂಗಸರ ಕೆಲಸವೆಂದು ಬಿಟ್ಟುಬಿಡುವುದು ವಾಡಿಕೆ. ಹೊಲ, ಹಟ್ಟಿ, ಅಡಿಗೆ ಮೂರನ್ನೂ ನೋಡುವವರ ಮೇಲೆ ನಾಲ್ಕನೆಯದನ್ನು ಹೊರಿಸಿದರೆ ತೋಟವೂ ಉಳಿಯದು, ಅವರ ಆರೋಗ್ಯವೂ ಉಳಿಯದು. ಮಡಿ ಅಗೆಯುವುದು, ಗೊಬ್ಬರ ಹೊರುವುದು, ಚಪ್ಪರ ಕಟ್ಟುವುದು ಗಂಡಸರಿಂದಾಗಲಿ. ಹುಳು ಆರಿಸುವುದು, ಬೇವಿನ ಬೀಜ ಕೂಡಿಡುವುದು ಮಕ್ಕಳಿಂದಾಗಲಿ. ಬಡಿಸುವಾಗ ಸೊಪ್ಪಿನ ಪಾಲು ಮನೆಯ ಹೆಂಗಸರಿಗೂ ಸಿಗಲಿ. ಮೊದಲು ಮನೆಯ ಊಟ, ಆಮೇಲೆ ಸಂತೆ ಎಂಬ ನಿಯಮ ಇಟ್ಟುಕೊಳ್ಳಬೇಕು. ಉಳಿದ ಹಪ್ಪಳ, ಉಪ್ಪಿನಕಾಯಿ, ಊಟದ ಎಲೆಗಳನ್ನು ಸ್ತ್ರೀಶಕ್ತಿ ಸಂಘದ ಮೂಲಕ ಮಾರಬಹುದು. ತಿನ್ನುವ ಪದಾರ್ಥ ಮಾರುವುದಾದರೆ ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಳ್ಳಬೇಕು.

ವಿಸ್ತರಣಾ ಕಾರ್ಯಕರ್ತರು ಒಂದು ಊರಿನಲ್ಲಿ ಹತ್ತು ಮನೆಗೆ ಬೀಜದ ಪೊಟ್ಟಣ ಹಂಚಿ ಹಿಂದಿರುಗುವ ಬದಲು, ಎರಡು ಮನೆಯವರ ಜೊತೆ ನಿಂತು ಒಂದು ಪೂರ್ತಿ ವರ್ಷ ಈ ಪಟ್ಟಿಯಂತೆ ಮಾಡಿಸಿದರೆ ಉಪಯೋಗ ಹೆಚ್ಚು. ಬೇಸಿಗೆ ದಾಟಿದ ತೋಟವನ್ನು ಕಣ್ಣಾರೆ ಕಂಡ ನೆರೆಯವರು ತಾವಾಗಿಯೇ ಬೀಜ ಕೇಳಿಕೊಂಡು ಬರುತ್ತಾರೆ. ತಳಿಯ ಬೀಜ, ಟ್ರೈಕೋಡರ್ಮ ಮುಂತಾದವುಗಳಿಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರವನ್ನು ವಿಚಾರಿಸಿ. ಎಂಟು ಮಡಿ ಒಮ್ಮೆಲೇ ಆಗದಿದ್ದರೆ ಈ ವರ್ಷ ಬಚ್ಚಲ ಬಳಿಯ ಮೂರು ಮಡಿ, ಒಂದು ನುಗ್ಗೆ, ಬೇಲಿಗೆ ಒಂದು ಸೋರೆ ಬಳ್ಳಿಯಿಂದ ಆರಂಭಿಸಿ.